ಉಡುಪಿಯ ಸಭೆ, ವಾಂಟೇಜಿನ ಮಠ, ಕೇಡಗಾಂವದ ಪ್ರೆಸ್ಸು: ಅಧಿಕಾರ ಯಾರದು, ವಿವೇಕ ಯಾರದು?

ಕಾತ್ರಜದಿಂದ ಮಾತಾಡ್ತಿದ್ದೇನೆ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದೆ, ಕಂಪನಿ ಬಸ್ಸಿನಲ್ಲಿ ಕೂತು ಓದುವವರಿಗಾಗಿ ಎಂದಿನಂತೆ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ.

ಇತಿಹಾಸಕ್ಕೆ ಹೋಗುವ ಮುಂಚೆ ನನ್ನದೇ ಒಂದು ತಪ್ಪನ್ನು ಹೇಳಿಬಿಡ್ತೀನಿ. ಇವತ್ತಿನ ವಿಷಯ ಹುಟ್ಟಿದ್ದೇ ಅಲ್ಲಿಂದ.

ಹೋದ ವರ್ಷ ನಾನು ಟೀಮ್ ಲೀಡ್ ಆದೆ. ಆಗಿ ಎರಡು ತಿಂಗಳೂ ಆಗಿರಲಿಲ್ಲ, ಒಂದು ದೊಡ್ಡ ಡೇಟಾಬೇಸನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸುವ ಕೆಲಸ ಬಂತು. ರಿವ್ಯೂ ಮೀಟಿಂಗಿನಲ್ಲಿ, ಸೇರಿ ವರ್ಷವೂ ಆಗಿರದ ಒಬ್ಬ ಹುಡುಗಿ ಕೈ ಎತ್ತಿದಳು. ಹಳೆಯ ದಾಖಲೆಗಳಲ್ಲಿ ದಿನಾಂಕ ಬರೆದಿರುವ ರೀತಿ ಬೇರೆ ಇದೆ, ಅಸಲಿ ಡೇಟಾದ ಮೇಲೆ ಇನ್ನೊಂದ್ಸಲ ಪರೀಕ್ಷೆ ಮಾಡೋಣ ಅಂದಳು. ನನಗೆ ಗಡುವಿನ ಚಿಂತೆ. "ನಾನು ನೋಡಿದ್ದೀನಿ, ಇದರ ಜವಾಬ್ದಾರಿ ನಂದು" ಅಂತ ಮಾತು ಮುಗಿಸಿದೆ. ನಿಜ ಹೇಳಬೇಕಂದ್ರೆ ನಾನು ನೋಡಿರಲಿಲ್ಲ. ಶನಿವಾರ ರಾತ್ರಿ ಎರಡು ಗಂಟೆಗೆ ಎಲ್ಲ ನಿಂತುಹೋಯಿತು. ಕಾರಣ ಅವಳು ಹೇಳಿದ್ದೇ. ಭಾನುವಾರ ಮಧ್ಯಾಹ್ನದವರೆಗೆ ಹಿಂದಕ್ಕೆ ತಿರುಗಿಸೋ ಕೆಲಸ. ಅವಳೂ ರಾತ್ರಿಯಿಡೀ ಕೂತಿದ್ದಳು. ನಾನು ಹೇಳಿರಲಿಲ್ಲವೇ ಅಂತ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರ ಆಗ್ತಿತ್ತೇನೋ.

ಆ ಸಂಜೆ ಇಲ್ಲಿ ಚೌಕದ ಹತ್ತಿರ ಚಹಾ ಕುಡೀತಾ ನನ್ನ ಗೆಳೆಯನಿಗೆ ಇದನ್ನೆಲ್ಲ ಹೇಳಿಕೊಂಡೆ. ಅವನು ಬೀದರ ಕಡೆಯವನು, ಕ್ರೈಸ್ತ ಕುಟುಂಬದವನು. ನಾನು ಕಲಬುರಗಿಯವನು, ಬೈಬಲಿನ ಕಥೆಗಳನ್ನು ಅರ್ಧಂಬರ್ಧ ಕೇಳಿದವನು. ಅವನು ಕೇಳಿದ: "ಸೊಲೊಮೋನ ರಾಜನ ಮಗನ ಕಥಿ ಗೊತ್ತದೇನು ನಿನಗ? ಲೀಡ್ ಆದಕೂಡ್ಲೇ ಕಿವಿ ಬಂದ್ ಮಾಡ್ಕೊಂಡವ ಅವನು."

ಆ ಕಥೆಯಿಂದ ನಾನು ಎಲ್ಲಿಗೋ ಹೋದೆ. ಕಡೆಗೆ ಬಂದು ನಿಂತಿದ್ದು ನಮ್ಮ ಕಾತ್ರಜದಿಂದ ಅರವತ್ತು ಕಿಲೊಮೀಟರ್ ಆಸುಪಾಸಿನಲ್ಲಿರುವ ಒಂದು ಊರಿಗೆ, ಮತ್ತು ನಮ್ಮದೇ ಸಹ್ಯಾದ್ರಿಯಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಬದುಕಿಗೆ. ಅದೇ ಇವತ್ತಿನ ಮಾತು.

ನೊಗ ಹಗುರ ಮಾಡು ಅಂದವರ ಕಥೆ

ಮೊದಲು ಗೆಳೆಯ ಹೇಳಿದ ಕಥೆ. ಬೈಬಲಿನ ಅರಸುಗಳು ಮೊದಲನೆಯ ಭಾಗದಲ್ಲಿದೆ. ಸೊಲೊಮೋನ ರಾಜನಾದ ಹೊಸದರಲ್ಲಿ ದೇವರು ಕನಸಿನಲ್ಲಿ ಬಂದು ಏನು ಬೇಕು ಕೇಳು ಅಂತಾನೆ. ಆಯಸ್ಸು, ಐಶ್ವರ್ಯ, ಶತ್ರುಗಳ ಸಾವು ಯಾವುದನ್ನೂ ಅವನು ಕೇಳುವುದಿಲ್ಲ. ಜನರಿಗೆ ನ್ಯಾಯ ತೀರಿಸುವ ವಿವೇಕ ಕೊಡು ಅಂತಾನೆ. ಅಲ್ಲಿ ಹೀಬ್ರೂ ಮೂಲದಲ್ಲಿರುವ ಮಾತು "ಲೇವ್ ಶೊಮೇಅ". ಅಕ್ಷರಶಃ ಹೇಳಿದರೆ ಆಲಿಸುವ ಹೃದಯ. ವಿವೇಕ ಅನ್ನೋದು ಅಲ್ಲಿ ಬುದ್ಧಿಯ ಚುರುಕಿಗಿಂತ ಮೊದಲು ಕಿವಿಯ ಗುಣ.

ಅದೇ ಸೊಲೊಮೋನ ಮುಂದೆ ದೊಡ್ಡ ಕಟ್ಟಡಗಳ ಹುಚ್ಚಿಗೆ ಬಿದ್ದು ಜನರಿಂದ ಬಿಟ್ಟಿ ದುಡಿಮೆ ಮಾಡಿಸಿದ. ಅವನು ಸತ್ತ ಮೇಲೆ ಮಗ ರೆಹಬ್ಬಾಮ ಶೆಕೆಮ್ ಅನ್ನುವ ಊರಿಗೆ ಪಟ್ಟ ಕಟ್ಟಿಸಿಕೊಳ್ಳಲು ಹೋಗುತ್ತಾನೆ. ನಿಮ್ಮಪ್ಪ ಹೇರಿದ ನೊಗ ಭಾರವಾಗಿದೆ, ಸ್ವಲ್ಪ ಹಗುರ ಮಾಡು, ನಿನಗೆ ನಿಷ್ಠರಾಗಿರುತ್ತೇವೆ ಅಂತ ಜನ ಬೇಡಿಕೊಳ್ಳುತ್ತಾರೆ. ಅವನು ಮೂರು ದಿನ ಕಾಲ ಕೇಳುತ್ತಾನೆ. ತಂದೆಯ ಕಾಲದ ಹಿರಿಯರು, ಇವತ್ತು ನೀನು ಇವರ ಸೇವಕನಾದರೆ ಇವರು ಎಂದೆಂದಿಗೂ ನಿನ್ನವರು ಅಂತಾರೆ. ಜೊತೆಗೆ ಬೆಳೆದ ಹುಡುಗರು, ಬಿಗಿ ಮಾಡು, ಹೆದರಿಸು ಅಂತಾರೆ. ಅವನು ಹುಡುಗರ ಮಾತು ಹಿಡಿದ. ಹನ್ನೆರಡು ಕುಲಗಳಲ್ಲಿ ಹತ್ತು ಕುಲ ಬಿಟ್ಟುಹೋದವು. ಬಿಟ್ಟಿ ದುಡಿಮೆಯ ಮೇಲ್ವಿಚಾರಕನನ್ನು ಜನ ಕಲ್ಲೆಸೆದು ಕೊಂದರು. ರಾಜ ರಥ ಹತ್ತಿ ಯೆರೂಸಲೇಮಿಗೆ ಓಡಿದ.

ಗಮನಿಸಿ, ರೆಹಬ್ಬಾಮನಿಗೆ ಅಧಿಕಾರದ ಕೊರತೆ ಇರಲಿಲ್ಲ. ಸಲಹೆಯ ಕೊರತೆಯೂ ಇರಲಿಲ್ಲ. ಮೂರು ದಿನದ ಸಮಯವೂ ಇತ್ತು. ಇಲ್ಲದೇ ಇದ್ದದ್ದು ಕೇಳಿಸಿಕೊಳ್ಳುವ ಗುಣ.

ಇನ್ನೆರಡು ಕಥೆ ಚುಟುಕಾಗಿ ಹೇಳ್ತೀನಿ, ಮುಂದೆ ಬೇಕಾಗ್ತವೆ. ವಿಮೋಚನಕಾಂಡದಲ್ಲಿ ಮೋಶೆ ಬೆಳಗಿನಿಂದ ಸಂಜೆತನಕ ಒಬ್ಬನೇ ಕೂತು ಎಲ್ಲರ ಜಗಳ ಬಿಡಿಸ್ತಿರ್ತಾನೆ. ಅವನ ಮಾವ ಇತ್ರೋ, ಅವನು ಬೇರೆ ಜನಾಂಗದ ಪುರೋಹಿತ, ಇದನ್ನು ನೋಡಿ ನೀನು ಮಾಡ್ತಿರೋದು ಸರಿಯಿಲ್ಲ, ನೀನೂ ಸವೆದುಹೋಗ್ತೀಯ, ಜನರೂ ಸವೆದುಹೋಗ್ತಾರೆ ಅಂತಾನೆ. ಲಂಚ ಮುಟ್ಟದವರನ್ನು ಆರಿಸಿ ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನೇಮಿಸು, ಕಷ್ಟದ್ದು ಮಾತ್ರ ನಿನ್ನ ಹತ್ರ ಬರಲಿ ಅಂತಾನೆ. ಮೋಶೆ ಹೊರಗಿನವನ ಮಾತು ಕೇಳ್ತಾನೆ, ಹಾಗೇ ಮಾಡ್ತಾನೆ.

ಎರಡನೆಯದು ಯೋಷೀಯ ರಾಜನ ಕಾಲದ್ದು, ಕ್ರಿಸ್ತಪೂರ್ವ 7ನೇ ಶತಮಾನದ ಕೊನೆಯ ಭಾಗ. ದೇವಾಲಯದ ದುರಸ್ತಿ ನಡೆಯುವಾಗ ಧರ್ಮಶಾಸ್ತ್ರದ ಒಂದು ಹಳೆಯ ಗ್ರಂಥ ಸಿಗುತ್ತದೆ. ಇದರ ಅರ್ಥವೇನು, ನಾವೀಗ ಏನು ಮಾಡಬೇಕು ಅಂತ ತಿಳಿಯಲು ಮಹಾಯಾಜಕ ಹಿಲ್ಕೀಯ, ಲೇಖಕ ಶಾಫಾನ ಮೊದಲಾದವರೇ ಎದ್ದು ಒಬ್ಬ ಹೆಂಗಸಿನ ಮನೆಗೆ ಹೋಗುತ್ತಾರೆ. ಹುಲ್ದಾ ಅಂತ ಅವಳ ಹೆಸರು. ಅವಳ ಗಂಡನ ಕಡೆಯವರು ವಸ್ತ್ರಾಗಾರ ನೋಡಿಕೊಳ್ಳುವವರು. ಪದವಿ ಯಾಜಕನದು, ಸಿಂಹಾಸನ ರಾಜನದು. ಗ್ರಂಥ ಏನು ಹೇಳುತ್ತದೆ ಅನ್ನುವ ಪ್ರಶ್ನೆಗೆ ಮಾತ್ರ ಇಬ್ಬರೂ ಆ ಮನೆಯ ಕಡೆ ನೋಡಿದರು.

ಈಗ ನಮ್ಮ ಊರಿಗೆ ಬರೋಣ.

ಗಂಗಾಮೂಲದಿಂದ ಉಡುಪಿಗೆ

ಕಾತ್ರಜದಲ್ಲಿರುವವರಿಗೆ ಇಲ್ಲಿನ ಕೆರೆ ಗೊತ್ತಿದ್ದೇ ಇರುತ್ತದೆ. 18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಈ ಕೆರೆಯಿಂದ ನೆಲದಡಿಯ ಕಾಲುವೆ ಮಾಡಿಸಿ ಪುಣೆ ಪೇಟೆಗೂ ಶನಿವಾರವಾಡೆಗೂ ನೀರು ಒಯ್ದರು. ಆ ನೀರು ಕುಡಿದ ಪೇಶ್ವೆ ಮನೆತನದ ಕೊನೆಯವನು 2ನೇ ಬಾಜೀರಾಯ. ಅವನ ರಾಣಿಗೆ ಸಂಸ್ಕೃತ ಕಲಿಸಲು ರಾಮಚಂದ್ರಶಾಸ್ತ್ರಿ ಸಾಠೆ ಅನ್ನುವ ಪಂಡಿತರು ಅರಮನೆಗೆ ಹೋಗ್ತಿದ್ದರು. ಅವರ ಶಿಷ್ಯನಾಗಿ ಜೊತೆಗೆ ಹೋಗ್ತಿದ್ದ ಒಬ್ಬ ಹುಡುಗ, ಹೆಂಗಸೊಬ್ಬಳು ಸಂಸ್ಕೃತ ಶ್ಲೋಕ ಹೇಳೋದನ್ನ ಕೇಳಿ ಬೆರಗಾದ. ಅವನು ಕಾರ್ಕಳದ ಹತ್ತಿರದ ಮಾಳ ಕಡೆಯ ಅನಂತಶಾಸ್ತ್ರಿ ಡೋಂಗ್ರೆ. ನನ್ನ ಹೆಂಡತಿಗೂ ಕಲಿಸ್ತೀನಿ ಅಂತ ಊರಿಗೆ ಹೋದರೆ ಮನೆಯವರೇ ಅಡ್ಡ ನಿಂತರು. ಮೊದಲ ಹೆಂಡತಿಗೂ ಮನಸ್ಸಿರಲಿಲ್ಲ. ಎಷ್ಟೋ ವರ್ಷದ ಮೇಲೆ, ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು.

ಊರಿನವರು ಸುಮ್ಮನಿರಲಿಲ್ಲ. ಹೆಂಗಸಿಗೆ ದೇವಭಾಷೆ ಕಲಿಸೋದು ಧರ್ಮವಿರೋಧ ಅಂತ ದೂರು ಹೋಯಿತು. ಉಡುಪಿಯಲ್ಲಿ ಮಾಧ್ವ ಪೀಠದ ಗುರುಗಳ ಮುಂದೆ, ಪಂಡಿತರ ಸಭೆಯಲ್ಲಿ ಉತ್ತರ ಹೇಳಬೇಕು ಅಂತ ಶಾಸ್ತ್ರಿಗಳಿಗೆ ಕರೆ ಬಂತು. ಆ ಸಭೆಯಲ್ಲಿ ಸುಮಾರು 400 ಪಂಡಿತರಿದ್ದರು ಅಂತ ಅವರ ಮಗಳು ಮುಂದೆ ತನ್ನ ಆತ್ಮಕಥನದಲ್ಲಿ ಬರೆಯುತ್ತಾಳೆ. ಶಾಸ್ತ್ರಿಗಳು ಓಡಿಹೋಗಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಗ್ರಂಥಗಳಿಂದಲೇ ಆಧಾರ ಒಟ್ಟುಮಾಡಿಕೊಂಡು ಹೋಗಿ ಸಭೆಯ ಮುಂದಿಟ್ಟರು. ಸಭೆ ಕೇಳಿತು. ಪುರಾಣ, ಕಾವ್ಯಗಳ ಜ್ಞಾನ ಹೆಂಗಸರಿಗೆ ಕೊಡುವುದು ತಪ್ಪಲ್ಲ ಅಂತ ಒಪ್ಪಿಕೊಂಡಿತು.

ಇಲ್ಲಿ ಎರಡು ಮಾತು. ಒಂದು, ಆ ಸಭೆಗೆ ಅಧಿಕಾರವಿತ್ತು, ಬಹಿಷ್ಕಾರ ಹಾಕಿ ಮುಗಿಸಬಹುದಿತ್ತು. ಹಾಗೆ ಮಾಡದೆ ಆಧಾರ ಕೇಳಿತು. ಇದನ್ನು ನಾವು ಮರೆಯಬಾರದು. ಎರಡು, ಗೆಲುವು ಪೂರ್ತಿಯದಲ್ಲ. ವೇದಕ್ಕೆ ಮಾತ್ರ ಬೇಲಿ ಹಾಗೇ ಉಳಿಯಿತು. ಶಾಸ್ತ್ರಿಗಳೂ ಆ ಬೇಲಿಯನ್ನು ಒಪ್ಪಿದವರೇ.

ಆಮೇಲೆ ಶಾಸ್ತ್ರಿಗಳು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. ತುಂಗೆ, ಭದ್ರೆ, ನೇತ್ರಾವತಿಯ ಮೂಲ ಅಂತ ನಾವು ಹೇಳುವ ಜಾಗ. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಮುಂದೆ ಪಂಡಿತಾ ರಮಾಬಾಯಿ ಅಂತ ಹೆಸರಾದವರು. ಅವರಿಗೆ ಸಂಸ್ಕೃತ ಕಲಿಸಿದ್ದು ಉಡುಪಿಯ ಸಭೆ ಅನುಮತಿ ಕೊಟ್ಟ ಅದೇ ತಾಯಿ.

ಮನೆ ಸಾಲಕ್ಕೆ ಬಿದ್ದಿತು. ಕುಟುಂಬ ತೀರ್ಥಯಾತ್ರೆ ಮಾಡುತ್ತಾ, ಪುರಾಣ ಹೇಳುತ್ತಾ ದೇಶ ಅಲೆಯಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ನಡೆದು ನಡೆದು 1878ರಲ್ಲಿ ಕಲ್ಕತ್ತಕ್ಕೆ ಹೋದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಈ ಹುಡುಗಿಯನ್ನು ಪರೀಕ್ಷಿಸಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ಟರು. ವೇದ ಓದಿದ್ದೀಯಾ ಅಂತ ಬ್ರಹ್ಮಸಮಾಜದ ಕೇಶವಚಂದ್ರ ಸೇನ್ ಕೇಳಿದರು. ಹೆಂಗಸರಿಗೆ ಅಧಿಕಾರವಿಲ್ಲವಲ್ಲ ಅಂದರು ರಮಾಬಾಯಿ. ಸೇನ್ ಅವರೇ ವೇದದ ಒಂದು ಪ್ರತಿ ಕೈಗಿಟ್ಟು ಓದು ಅಂದರು. ತಂದೆ ಒಪ್ಪಿದ್ದ ಬೇಲಿಯನ್ನು ಮಗಳು ಅಲ್ಲಿ ದಾಟಿದರು.

ವಾಂಟೇಜಿನ ಪತ್ರಗಳು

ಅಣ್ಣ ತೀರಿಕೊಂಡ. 1880ರಲ್ಲಿ ಜಾತಿ ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ ಅವರೂ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕು ಅಂತ ಸಾಕ್ಷ್ಯ ಹೇಳಿದರು. 1883ರಲ್ಲಿ ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋದರು. ವಾಂಟೇಜ್ ಅನ್ನುವ ಊರಿನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಅದೇ ವರ್ಷ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಕಿವಿ ಮಂದವಾದ್ದರಿಂದ ವೈದ್ಯಕೀಯದ ಆಸೆ ಕೈಬಿಡಬೇಕಾಯಿತು. ಚೆಲ್ಟನಮ್ ಮಹಿಳಾ ಕಾಲೇಜಿಗೆ ಓದಲು ಹೋದರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಭಾಗ.

ಆ ಮಠದಲ್ಲಿ ರಮಾಬಾಯಿಗೆ ಗುರುಸ್ಥಾನದಲ್ಲಿದ್ದವರು ಸಿಸ್ಟರ್ ಜೆರಾಲ್ಡಿನ್. ರಮಾಬಾಯಿ ಬೈಬಲನ್ನು ತಾವೇ ಓದಿ, ಚರ್ಚಿನ ಕೆಲವು ಸಿದ್ಧಾಂತಗಳು ಅದರಲ್ಲಿ ಎಲ್ಲಿವೆ ತೋರಿಸಿ ಅಂತ ಕೇಳಲು ಶುರುಮಾಡಿದರು. ತ್ರಿತ್ವದ ವಿಚಾರದಲ್ಲಿ ಪ್ರಶ್ನೆ ಎತ್ತಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ಸಂಸ್ಕೃತ ಯಾಕಾಗಬಾರದು ಅಂದರು. ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಇದೆಲ್ಲ ಜೆರಾಲ್ಡಿನ್ ಅವರಿಗೆ ಅಹಂಕಾರದಂತೆ, ಬಿಡದ ಹಳೆಯ ಜಾತಿಬುದ್ಧಿಯಂತೆ ಕಂಡಿತು. ಹೊಸದಾಗಿ ಬಂದವಳು ಚರ್ಚಿನ ಹಿರಿಯರಿಗೆ ತಲೆಬಾಗಿ ಕಲಿಯಬೇಕು ಅನ್ನುವುದು ಅವರ ವಾದ.

ಅದರ ಮೇಲೆ ಇನ್ನೊಂದು ಬಂತು. ಚೆಲ್ಟನಮ್ಮಿನಲ್ಲಿ ರಮಾಬಾಯಿ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಎದ್ದಾಗ ಭಾರತದಲ್ಲಿದ್ದ ಬಿಷಪ್ಪರು ತಡೆದರು. ಹಾಗೆ ಕಲಿಸಿದರೆ ಭಾರತದಲ್ಲಿ ಹೆಸರು ಕೆಡುತ್ತದೆ ಅನ್ನುವುದು ಅವರ ಕಾರಣ. ರಮಾಬಾಯಿಗೆ ಇದು ಅರ್ಥವೇ ಆಗಲಿಲ್ಲ. ನಮ್ಮ ತಂದೆಯಾಗಲಿ ನನ್ನ ಗಂಡನಾಗಲಿ ಇದಕ್ಕೆ ಬೇಡ ಅಂದವರಲ್ಲ, ನೀವು ಯಾಕೆ ಅಂತೀರಿ ಅನ್ನುವ ಅರ್ಥದಲ್ಲಿ ಪತ್ರ ಬರೆದರು. ನಾಲ್ಕುನೂರು ಪಂಡಿತರ ಮುಂದೆ ನಿಂತವನ ಮಗಳು ಅಲ್ವಾ!

1885ರ ಪತ್ರಗಳಲ್ಲಿ ಅವರ ನಿಲುವು ಸ್ಪಷ್ಟವಾಗಿದೆ. ಸಾರ ಇಷ್ಟು: ಒಂದು ಪುರೋಹಿತ ವರ್ಗದ ನೊಗದಿಂದ ಬಹಳ ಕಷ್ಟಪಟ್ಟು ಕತ್ತು ಬಿಡಿಸಿಕೊಂಡು ಬಂದಿದ್ದೇನೆ, ಅಂಥದ್ದೇ ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ. ದೇವರ ಮಾತಿಗೆ ತಲೆಬಾಗುತ್ತೇನೆ. ಪುರೋಹಿತ ಹೇಳಿದ್ದೆಲ್ಲ ದೇವರ ಮಾತು ಅಂತ ಮಾತ್ರ ಒಪ್ಪಲಾರೆ.

ಶೆಕೆಮಿನಲ್ಲಿ ಜನ ರೆಹಬ್ಬಾಮನಿಗೆ ಹೇಳಿದ್ದೂ ನೊಗದ ಮಾತೇ ಅನ್ನೋದು ಈ ಪತ್ರ ಓದುವಾಗ ನೆನಪಾಗದೆ ಇರೋದಿಲ್ಲ. ಎರಡು ಕಡೆಯೂ ಜನ ಅಧಿಕಾರವೇ ಬೇಡ ಅನ್ನಲಿಲ್ಲ. ಹೊರುವಂಥದ್ದನ್ನು ಹೊರಿಸು ಅಂದರು.

ಜೆರಾಲ್ಡಿನ್ ಅವರ ಬಗ್ಗೆ ಒಂದು ಮಾತು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ತಮ್ಮನ್ನು ಹೀಗೆಲ್ಲ ಪ್ರಶ್ನಿಸಿದ ಈ ಪತ್ರಗಳನ್ನು ಅವರು ಸುಟ್ಟುಹಾಕಲಿಲ್ಲ. ಜೋಪಾನವಾಗಿ ಕೂಡಿಟ್ಟರು. 1977ರಲ್ಲಿ ಎ. ಬಿ. ಶಹಾ ಅವರ ಸಂಪಾದನೆಯಲ್ಲಿ ಅವು ಅಚ್ಚಾದವು. ಇವತ್ತು ನಾವು ರಮಾಬಾಯಿಯ ಪರವಾಗಿ ವಾದ ಮಾಡ್ತಿದ್ದರೆ, ಅದಕ್ಕೆ ಸಾಕ್ಷ್ಯ ಉಳಿಸಿಕೊಟ್ಟದ್ದು ಅವರ ಎದುರಾಳಿ. ಚೆಲ್ಟನಮ್ಮಿನ ಪ್ರಾಂಶುಪಾಲೆ ಡೊರೊಥಿಯ ಬೀಲ್ ಕೂಡ ಪ್ರಶ್ನೆಗಳನ್ನು ತಡೆಯುವುದಕ್ಕಿಂತ ಉತ್ತರಿಸುವ ದಾರಿ ಹಿಡಿದರು. ಸಂಸ್ಥೆ ಕಿವಿ ಮುಚ್ಚಿಕೊಂಡಾಗಲೂ ಅದರೊಳಗಿನ ಒಬ್ಬರೋ ಇಬ್ಬರೋ ಕಿವಿ ತೆರೆದಿಟ್ಟಿರುತ್ತಾರೆ.

ಅಧಿಕಾರ ತಮ್ಮ ಕೈಗೇ ಬಂದಾಗ

ಇಲ್ಲಿಯವರೆಗೆ ಕಥೆ ಸುಲಭ. ಅಧಿಕಾರದ ಎದುರು ನಿಂತವರನ್ನು ಮೆಚ್ಚಿಕೊಳ್ಳೋದು ಯಾವಾಗಲೂ ಸುಲಭ. ಅದೇ ವ್ಯಕ್ತಿಯ ಕೈಗೆ ಅಧಿಕಾರ ಬಂದಾಗ ಏನಾಯಿತು ಅಂತ ಕೇಳಬೇಕು. ನಾನೂ ಲೀಡ್ ಆಗುವ ಮುಂಚೆ ಲೀಡ್‌ಗಳನ್ನು ಚೆನ್ನಾಗಿ ಬೈಯ್ತಿದ್ದವನೇ.

1886ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದರು. 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಂಗಸರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಅವರ ಶಾಲೆಗೆ ಹಣ ಕೂಡಿಸಲು ಒಂದು ಸಂಘ ಹುಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಶುರುವಾಯಿತು. ಬಾಲವಿಧವೆಯರಿಗಾಗಿ ವಸತಿ ಶಾಲೆ. ಮರುವರ್ಷ ಅದು ಪುಣೆಗೆ ಬಂತು. ಅದರ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ವಿಧವೆ ಗೋದೂಬಾಯಿಯನ್ನು 1893ರಲ್ಲಿ ಮದುವೆಯಾದವರು ಧೋಂಡೊ ಕೇಶವ ಕರ್ವೆ. ನಾವು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಕರ್ವೆ ರಸ್ತೆಯ ಕರ್ವೆ.

ಶಾಲೆಯಲ್ಲಿ ಧರ್ಮಬೋಧನೆ ಇರುವುದಿಲ್ಲ ಅಂತ ಮಾತು ಕೊಡಲಾಗಿತ್ತು. ರಾನಡೆ, ಭಂಡಾರ್ಕರ್ ಅವರಂಥ ಹಿರಿಯರು ಸಲಹಾ ಸಮಿತಿಯಲ್ಲಿದ್ದರು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಟಿಳಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಸಮಿತಿಯಿಂದ ಹೊರಬಂದರು. ಹಲವು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ರಮಾಬಾಯಿಯ ವಾದವೂ ಗಟ್ಟಿಯಾಗಿತ್ತು. ಹುಡುಗಿಯರಿಗೆ ಅವರವರ ಪೂಜೆ, ವ್ರತ ಮಾಡಿಕೊಳ್ಳಲು ಸ್ವಾತಂತ್ರ್ಯವಿದೆ. ನಾನು ಯಾರನ್ನೂ ಕರೆಯುವುದಿಲ್ಲ. ಹಾಗಂತ ನನ್ನ ದೇವರನ್ನು ನಾನು ಕದ ಮುಚ್ಚಿ ಯಾಕೆ ಪ್ರಾರ್ಥಿಸಬೇಕು?

ನಾನು ಇದರ ಬಗ್ಗೆ ತುಂಬ ಯೋಚನೆ ಮಾಡಿದ್ದೀನಿ. ಕದ ತೆರೆದಿಡುವ ಹಕ್ಕು ಅವರಿಗಿತ್ತು, ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ತವರೂ ಇಲ್ಲದ, ಅತ್ತೆಮನೆಯೂ ಇಲ್ಲದ ಹನ್ನೆರಡು ಹದಿಮೂರು ವರ್ಷದ ಹುಡುಗಿಗೆ ಅನ್ನ, ಅಕ್ಷರ, ಮಮತೆ ಕೊಟ್ಟವರ ಕೋಣೆಯ ಕದ ಬರೀ ಕದ ಅಲ್ಲ. ಅದು ಕರೆಯದೆಯೂ ಕರೆಯುತ್ತದೆ. ಅಧಿಕಾರ ಇರುವವರು ನಾನು ಒತ್ತಾಯ ಮಾಡಿಲ್ಲ ಅಂದಾಗ ಅದು ನಿಜವೇ ಇರಬಹುದು. ಆದರೂ ಎದುರಿನವರಿಗೆ ಒತ್ತಡ ಇದ್ದೇ ಇರುತ್ತದೆ. ಸಂಜೆ ಏಳಕ್ಕೆ, ಆಗುತ್ತೆ ಅಂದ್ರೆ ನೋಡಿ ಅಂತ ನಾನು ಕಳಿಸುವ ಮೆಸೇಜನ್ನು ನನ್ನ ಟೀಮಿನಲ್ಲಿ ಎಷ್ಟು ಜನ ಆಗಲ್ಲ ಅಂತ ಬಿಡ್ತಾರೆ ಹೇಳಿ?

ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಆ ಹುಡುಗಿಯರನ್ನು ತಲೆ ಬೋಳಿಸಿ ಮೂಲೆಗೆ ಕೂರಿಸಿದ ಅಧಿಕಾರ ಯಾರದಾಗಿತ್ತು? ಅವರನ್ನು ಒಂದು ಮಾತು ಯಾರು ಕೇಳಿದ್ದರು? ಕದ ತೆರೆದಿತ್ತು ಅಂತ ಸಿಟ್ಟಾದ ಊರು, ಅಷ್ಟು ವರ್ಷ ಎಲ್ಲ ಕದ ಮುಚ್ಚಿದ್ದಾಗ ಅಷ್ಟು ಸಿಟ್ಟಾಗಿರಲಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳೋದು ಕಷ್ಟ. ಆದರೆ ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಕೇಡಗಾಂವ

1896-97ರಲ್ಲಿ ಮಧ್ಯ ಭಾರತದಲ್ಲಿ ಭೀಕರ ಬರ. ರಮಾಬಾಯಿ ಸ್ವತಃ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಬರದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಗ ಪುಣೆಯಲ್ಲಿ ಪ್ಲೇಗು. ಊರೊಳಗೆ ಇಷ್ಟು ಜನರನ್ನು ಇಡುವಂತಿರಲಿಲ್ಲ. ಪೂರ್ವಕ್ಕೆ, ಸೊಲ್ಲಾಪುರ ರೈಲುದಾರಿಯ ಮೇಲಿನ ಕೇಡಗಾಂವದಲ್ಲಿ ಅವರು ಕೊಂಡಿದ್ದ ಜಮೀನಿಗೆ ಹೋದರು. ಅದೇ ಮುಕ್ತಿ ಸದನ. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂದಿತ್ತು.

ಎರಡು ಸಾವಿರ ಜನರನ್ನು ಒಬ್ಬರೇ ನಡೆಸೋಕಾಗಲ್ಲ. ಇಲ್ಲಿ ಇತ್ರೋ ಮೋಶೆಗೆ ಹೇಳಿದ ಪಾಠ ಕೆಲಸಕ್ಕೆ ಬಂದಂತೆ ಕಾಣುತ್ತದೆ. ಮುಂಚೆ ಬಂದವರು ಆಮೇಲೆ ಬಂದವರನ್ನು ನೋಡಿಕೊಂಡರು. ಹೊಲ, ಹಸು, ಮಗ್ಗ, ಗಾಣ, ಅಡುಗೆ, ಶಾಲೆ, ಪ್ರೆಸ್ಸು ಎಲ್ಲದರಲ್ಲೂ ಹೆಣ್ಣುಮಕ್ಕಳೇ. ಕುರುಡರಿಗೆ ಮನೋರಮಾ ಬ್ರೈಲ್ ಕಲಿಸಿದರು. ನಮ್ಮ ಕಲಬುರಗಿ ಆಗ ನಿಜಾಮರ ರಾಜ್ಯದಲ್ಲಿತ್ತು. 1910ರ ದಶಕದಲ್ಲಿ ಅಲ್ಲಿಯೂ ತಾಯಿ ಮಗಳು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ನಾನು ಕಲಬುರಗಿಯಲ್ಲೇ ಹುಟ್ಟಿ ಬೆಳೆದವನು, ಈ ವಿಷಯ ತಿಳಿದದ್ದು ಪುಣೆಗೆ ಬಂದಮೇಲೆ!

ಹಾಗಂತ ಮುಕ್ತಿ ಸದನದಲ್ಲಿ ಎಲ್ಲ ತೀರ್ಮಾನ ಕೂತು ಮಾತಾಡಿ ಆಗ್ತಿತ್ತು ಅಂತಲ್ಲ. ಅದು ಶಾರದಾ ಸದನದಂತಲ್ಲ, ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ರಮಾಬಾಯಿಯ ಮಾತೇ ಅಲ್ಲಿ ಕೊನೆಯ ಮಾತು. ಬಿಷಪ್ಪರ ನೊಗ ಬೇಡ ಅಂದವರ ನೆರಳಿನಲ್ಲಿ ಬೇರೆ ಯಾರಾದರೂ ಬೇಡ ಅನ್ನಬಹುದಾಗಿತ್ತೇ ಅನ್ನೋದು ನ್ಯಾಯವಾದ ಪ್ರಶ್ನೆ.

ಅವರ ಕೊನೆಯ ದೊಡ್ಡ ಕೆಲಸದಲ್ಲಿ ನನಗೆ ಆ ಪ್ರಶ್ನೆಗೆ ಅರ್ಧ ಉತ್ತರ ಕಾಣುತ್ತದೆ. ಮರಾಠಿಯಲ್ಲಿ ಆಗಲೇ ಬೈಬಲ್ ಇತ್ತು. ಆದರೆ ಅದರ ಭಾಷೆ ಸಂಸ್ಕೃತದ ಭಾರದ್ದು. ಹಳ್ಳಿಯಿಂದ ಬಂದ, ಈಗಷ್ಟೇ ಅಕ್ಷರ ಕಲಿತ ಹೆಂಗಸಿಗೆ ಅದು ತಿಳಿಯುವಂತಿರಲಿಲ್ಲ. ತಿಳಿಯಬೇಕಂದ್ರೆ ಮತ್ತೆ ಒಬ್ಬ ಪಂಡಿತ ಬೇಕು. ರಮಾಬಾಯಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಆಡುಮಾತಿಗೆ ಹತ್ತಿರದ ಮರಾಠಿಗೆ ತಂದರು. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿ ಹೋದರು. ಆ ಹೊತ್ತಿಗೆ ಅನುವಾದದ ಕೆಲಸ ಮುಗಿದಿತ್ತು. 1989ರಲ್ಲಿ ಭಾರತ ಸರ್ಕಾರ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು.

ಕಲ್ಕತ್ತದಲ್ಲಿ ಸಂಸ್ಕೃತಕ್ಕೇ ಬಿರುದು ಗಳಿಸಿದ ಹೆಂಗಸು, ಕೊನೆಯ ವರ್ಷಗಳನ್ನೆಲ್ಲ ಸಂಸ್ಕೃತ ಪದಗಳನ್ನು ಒಂದೊಂದಾಗಿ ತೆಗೆದು ಮನೆಮಾತಿನ ಪದ ಹಾಕುವುದಕ್ಕೆ ಕೊಟ್ಟರು. ಅವರ ಅಧಿಕಾರ ನಿಂತದ್ದೇ ಪಾಂಡಿತ್ಯದ ಮೇಲೆ. ಆ ಪಾಂಡಿತ್ಯವನ್ನು, ಪಂಡಿತರ ಅಗತ್ಯವೇ ಇಲ್ಲದ ಹಾಗೆ ಮಾಡಲು ಬಳಸಿದರು. ಅನುವಾದ ಎಷ್ಟು ಗೆದ್ದಿತು ಅನ್ನೋದನ್ನು ತೂಗುವ ಅರ್ಹತೆ ನನಗಿಲ್ಲ. ಆದರೆ ಉದ್ದೇಶ ಸ್ಪಷ್ಟ: ನಾನು ಹೇಳಿದ್ದನ್ನು ನಂಬಬೇಡ, ತಗೋ, ನೀನೇ ಓದಿ ನೋಡು.

ತಂದೆ ಹೆಂಡತಿಗೆ ಗ್ರಂಥ ಕೊಟ್ಟರು. ಅವಳು ಮಗಳಿಗೆ ಕೊಟ್ಟಳು. ಮಗಳು, ಬೇರೊಂದು ಗ್ರಂಥ ಹಿಡಿದಿದ್ದರೂ, ಅದೇ ಕೆಲಸವನ್ನು ಮುಂದುವರಿಸಿದರು. ಧರ್ಮ ಬದಲಾದದ್ದು ಎಲ್ಲರ ಕಣ್ಣಿಗೂ ಬಿತ್ತು. ಬದಲಾಗದೆ ಉಳಿದದ್ದು ಇದು.

ಮತ್ತೆ ಸೋಮವಾರ

ನನ್ನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಆ ಸೋಮವಾರ ಮೀಟಿಂಗಿನಲ್ಲಿ, ಎಲ್ಲರ ಮುಂದೆ, ತಪ್ಪು ನನ್ನದು, ಇವರು ಮುಂಚೆಯೇ ಹೇಳಿದ್ದರು, ನಾನು ಕೇಳಲಿಲ್ಲ ಅಂದೆ. ಒಬ್ಬಳನ್ನೇ ಕರೆದು ಕ್ಷಮೆ ಕೇಳುವುದು ಸುಲಭವಿತ್ತು. ಆದರೆ ಬಾಯಿ ಮುಚ್ಚಿಸಿದ್ದು ಎಲ್ಲರ ಮುಂದೆ ಅಲ್ವಾ. ಅವತ್ತಿನಿಂದ ನಮ್ಮಲ್ಲಿ ಒಂದು ಸಣ್ಣ ಪದ್ಧತಿ ಮಾಡಿಕೊಂಡಿದ್ದೇವೆ. ರಿವ್ಯೂನಲ್ಲಿ ಎಲ್ಲರಿಗಿಂತ ಹೊಸಬರು ಮೊದಲು ಮಾತಾಡ್ತಾರೆ, ಲೀಡ್ ಕೊನೆಗೆ. ಇಲ್ಲ ಅನ್ನೋದಾದರೆ ಕಾರಣ ಬರೆದು ಹಾಕಬೇಕು. ಉಡುಪಿಯ ಸಭೆ ಆಧಾರ ಕೇಳಿದ ಹಾಗೆ, ಆಧಾರ ಕೊಡಬೇಕು.

ಇದರಿಂದ ನಾನು ವಿವೇಕಿಯಾದೆ ಅಂತ ಹೇಳ್ತಿಲ್ಲ. ಹೋದ ತಿಂಗಳೂ ಒಂದು ಸಲ ಮಾತಿನ ನಡುವೆ ಬಾಯಿ ಹಾಕಿದೆ. ಅದೇ ಹುಡುಗಿ, "ಇನ್ನೂ ನಿಮ್ಮ ಸರದಿ ಬಂದಿಲ್ಲ" ಅಂದಳು. ಎಲ್ಲರೂ ನಕ್ಕರು. ನನಗೂ ಸಮಾಧಾನ ಆಯಿತು. ಆರು ತಿಂಗಳ ಹಿಂದೆ ಅವಳು ಈ ಮಾತು ಆಡ್ತಿರಲಿಲ್ಲ.

ಪರಊರಲ್ಲಿ ಕೆಲಸ ಮಾಡುವ ನಾವು ದಿನಾ ಎರಡೂ ಕಡೆ ಇರ್ತೀವಿ. ಮೇಲಿನವರು ನಮ್ಮ ಮಾತು ಕೇಳಲ್ಲ ಅಂತ ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಸ್ಸಿನಲ್ಲಿ ಊರತನಕ ಗೊಣಗ್ತೀವಿ. ನಮ್ಮ ಕೆಳಗಿನವರೂ ಅವರವರ ಊರಿನ ಬಸ್ಸಿನಲ್ಲಿ ಕೂತು ನಮ್ಮ ಬಗ್ಗೆ ಅದನ್ನೇ ಹೇಳ್ತಿರ್ತಾರೆ.

ಬಿಡುವಾದಾಗ ಒಂದು ಭಾನುವಾರ ಕೇಡಗಾಂವ ಕಡೆ ಹೋಗಿಬನ್ನಿ. ಪುಣೆಯಿಂದ ದೌಂಡ್ ಕಡೆಗೆ ಹೋಗುವ ಲೋಕಲ್ ರೈಲು ಅಲ್ಲಿ ನಿಲ್ಲುತ್ತದೆ. ಮುಕ್ತಿ ಮಿಷನ್ ಇವತ್ತಿಗೂ ನಡೆಯುತ್ತಿದೆ. ಒಳಗೆ ಜನ ವಾಸ ಮಾಡ್ತಾರೆ, ಅದಕ್ಕೇ ಮುಂಚೆ ಕೇಳಿಕೊಂಡು ಹೋಗಿ. ಗಂಗಾಮೂಲದ ಮಗಳು ಅಲ್ಲಿಯವರೆಗೆ ಹೇಗೆ ಹೋದಳು ಅಂತ ದಾರಿಯಲ್ಲಿ ಮಕ್ಕಳಿಗೆ ಹೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.